ನೋವಿನ ಮನೆಗೆ ಅರ್ಥ ಹೊತ್ತುಕೊಂಡು ಹೋಗಬೇಡಿ

ದಾವಣಗೆರೆಯ ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ಸಂಜೆ ಭೇಟಿಗೆ ಬಿಡುವ ಹೊತ್ತಿನಲ್ಲಿ ವಾರ್ಡಿನ ಮುಂದೆ ನಿಂತರೆ ಒಂದೇ ಬಗೆಯ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯಿಂದ ಬಸ್ಸು ಹತ್ತಿ ಬಂದ ನೆಂಟರು ಎಳನೀರು, ಬ್ರೆಡ್ಡು, ಮೂಸಂಬಿಯ ಚೀಲ ಮಂಚದ ಪಕ್ಕ ಇಡುತ್ತಾರೆ. ಸ್ವಲ್ಪ ಹೊತ್ತು ಕೂರುತ್ತಾರೆ. ಏಳುವ ಮುಂಚೆ ಏನಾದರೊಂದು ಹೇಳಲೇಬೇಕಲ್ಲ ಎಂದು ಹೇಳುತ್ತಾರೆ. ‘ಪಡ್ಕಂಡು ಬಂದಿದ್ದು, ಅನುಭವಿಸ್ಬೇಕು’ ಅನ್ನುವವರು ಒಂದಷ್ಟು ಜನ. ಮಲಗಿರುವವರು ಕ್ರೈಸ್ತರಾದರೆ, ಬಂದವರೂ ಸಭೆಯವರೇ, ಅಂದರೆ ಚರ್ಚಿನವರೇ ಆದರೆ, ಮಾತು ಬೇರೆ, ಭಾರ ಅಷ್ಟೇ: ‘ದೇವರು ಪ್ರೀತಿ ಮಾಡೋರನ್ನೇ ಶಿಕ್ಷಿಸೋದು ಅಕ್ಕ’, ‘ಪರೀಕ್ಷೆ ಇದು, ವಿಶ್ವಾಸ ಬಿಡಬ್ಯಾಡ್ರಿ’, ‘ಎಲ್ಲಾ ಒಳ್ಳೇದಕ್ಕೇ’.

ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಮಂಚದ ಮೇಲಿರುವವರ ಸಂಕಟ ನೋಡಲಾಗದೆ ಅದಕ್ಕೊಂದು ಕಾರಣ ಹಚ್ಚಿ ಹಗುರಾಗುತ್ತಾರೆ. ಹಗುರಾಗುವವರು ಅವರು, ಮಲಗಿದವರಲ್ಲ. ನೋವಿಗೆ ಅರ್ಥವಿದೆ ಎಂದು ನಂಬುವವರು ಕ್ರೈಸ್ತರು, ಆ ನಂಬಿಕೆಯನ್ನು ನಾನು ಬಿಡಲಾರೆ. ಆದರೆ ಆ ಅರ್ಥವನ್ನು ಯಾರು, ಯಾವಾಗ ಹೇಳಬೇಕು ಎಂಬುದಕ್ಕೆ ಬೈಬಲಿನಲ್ಲೇ ಒಂದು ಕ್ರಮವಿದೆ, ಮತ್ತು ನಮ್ಮ ಸಭೆಗಳಲ್ಲಿ ಅದು ತಲೆಕೆಳಗಾಗಿದೆ. ತಗ್ಗಿಸಲು ಬರುವ ನೋವನ್ನು ಮೊದಲು ತಗ್ಗಿಸಬೇಕು. ತಗ್ಗದೆ ಉಳಿದದ್ದನ್ನು ದೇವರ ಮುಂದೆ ದೂರಬೇಕು. ದೂರುವವರ ಪಕ್ಕ ಯಾರಾದರೂ ಕೂತಿರಬೇಕು. ಅರ್ಥ ಬರುವುದು ಇವೆಲ್ಲ ಆದ ಮೇಲೆ, ಬಂದರೆ ನೊಂದವರ ಬಾಯಿಂದಲೇ.

ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಭಕ್ತನೊಬ್ಬನ ಕಥೆಯಾದ ಬೈಬಲಿನ ಯೋಬನ ಗ್ರಂಥವನ್ನು ತೆಗೆದುಕೊಳ್ಳಿ. ಅದರಲ್ಲಿ 42 ಅಧ್ಯಾಯಗಳಿವೆ, ನಮ್ಮಲ್ಲಿ ಓದುವುದು ಹೆಚ್ಚಾಗಿ ಮೊದಲಿನ ಎರಡು, ಕೊನೆಯದೊಂದು. ‘ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು’ ಎಂಬ ಮಾತು ಒಂದನೇ ಅಧ್ಯಾಯದ 21ನೇ ವಚನ. ಮೂರನೇ ಅಧ್ಯಾಯಕ್ಕೆ ಬಂದರೆ ಅದೇ ಬಾಯಿ ತಾನು ಹುಟ್ಟಿದ ದಿನಕ್ಕೆ ಶಾಪ ಹಾಕುತ್ತದೆ. ಎರಡೂ ಒಬ್ಬ ಭಕ್ತನ ಮಾತೇ. ಮೊದಲನೆಯದನ್ನು ಮಾತ್ರ ಕಲಿಸಿದರೆ, ಒಂದು ವಾರ ಕಳೆದು ಎರಡನೆಯದು ಒಳಗಿಂದ ಎದ್ದಾಗ ‘ನನ್ನ ವಿಶ್ವಾಸ ಸತ್ತುಹೋಯಿತು’ ಎಂದು ಜನ ಹೆದರುತ್ತಾರೆ.

ಯೋಬನ ಮೂವರು ಗೆಳೆಯರು ಶುರುವಿನಲ್ಲಿ ಮಾಡಿದ್ದೆಲ್ಲ ಸರಿ. ಎಲೀಫಜ, ಬಿಲ್ದದ, ಚೋಫರ ಬೇರೆ ಬೇರೆ ಊರುಗಳಿಂದ ಮಾತಾಡಿಕೊಂಡು ಒಟ್ಟಿಗೆ ಹೊರಟು ಬಂದರು. ದೂರದಿಂದ ನೋಡಿ ಗುರುತೇ ಸಿಗದೆ ಗಟ್ಟಿಯಾಗಿ ಅತ್ತರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಅವನ ಸಂಕಟ ಬಹಳ ದೊಡ್ಡದೆಂದು ಕಂಡು ಒಬ್ಬರೂ ಬಾಯಿ ಬಿಡಲಿಲ್ಲ. ಕೆಟ್ಟದ್ದು ಎಂಟನೇ ದಿನದ ಮೇಲೆ. ಕೆಟ್ಟದ್ದು ಹೇಗೆ ಎಂಬುದನ್ನು ಅಧ್ಯಾಯ ಅಧ್ಯಾಯವಾಗಿ ಗಮನಿಸುವುದು ಒಳ್ಳೆಯದು, ಯಾಕೆಂದರೆ ಇವತ್ತಿಗೂ ಕೆಡುವುದು ಹಾಗೆಯೇ. ನಾಲ್ಕನೇ ಅಧ್ಯಾಯದಲ್ಲಿ ಎಲೀಫಜ ಮೆತ್ತಗೆ ಶುರು ಮಾಡುತ್ತಾನೆ: ನೀನು ಎಷ್ಟೋ ಜನಕ್ಕೆ ಧೈರ್ಯ ಹೇಳಿದವನು, ಈಗ ನೀನೇ ಕುಗ್ಗಿದೆಯಲ್ಲ. ಎಂಟರಲ್ಲಿ ಬಿಲ್ದದ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಸತ್ತಿರಬೇಕು ಎನ್ನುತ್ತಾನೆ. ಹನ್ನೊಂದರಲ್ಲಿ ಚೋಫರ, ನಿನ್ನ ಅಪರಾಧಕ್ಕೆ ಸಲ್ಲಬೇಕಾದಷ್ಟು ಶಿಕ್ಷೆ ಇನ್ನೂ ಆಗಿಲ್ಲ ಎನ್ನುತ್ತಾನೆ. 22ಕ್ಕೆ ಬರುವಷ್ಟರಲ್ಲಿ ಮೆತ್ತಗಿದ್ದ ಎಲೀಫಜನೇ ತಾನು ಕಂಡಿರದ ತಪ್ಪುಗಳನ್ನು ಪಟ್ಟಿ ಮಾಡುತ್ತಾನೆ: ಬಾಯಾರಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ. ನೋವಿಗೆ ಕಾರಣ ಇದ್ದೇ ಇರಬೇಕು ಎಂದು ಹಟ ಹಿಡಿದವನು ಕೊನೆಗೆ ಕಾರಣವನ್ನು ತಾನೇ ಹುಟ್ಟಿಸುತ್ತಾನೆ, ಅದು ಹೋಗಿ ಬೀಳುವುದು ನೊಂದವನ ತಲೆಯ ಮೇಲೆ.

38ರಿಂದ 41ರವರೆಗೆ ದೇವರು ಮಾತಾಡುತ್ತಾನೆ. ಸಮುದ್ರ, ಹಿಮ, ಕಾಡುಕತ್ತೆ, ಹದ್ದು ಎಲ್ಲ ಅಲ್ಲಿ ಬರುತ್ತವೆ, ಯೋಬನಿಗೆ ಹೀಗೇಕಾಯಿತು ಎಂಬ ಕಾರಣ ಬರುವುದಿಲ್ಲ. ಮೊದಲ ಅಧ್ಯಾಯದಲ್ಲಿ ಪರಲೋಕದಲ್ಲಿ ನಡೆದ ಸಂಭಾಷಣೆ ಓದುವ ನಮಗೆ ಗೊತ್ತು, ಯೋಬನಿಗೆ ಕೊನೆಯ ತನಕ ಗೊತ್ತಾಗುವುದೇ ಇಲ್ಲ. ತೀರ್ಪು ಮಾತ್ರ 42:7ರಲ್ಲಿ ಸ್ಪಷ್ಟ: ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯವಾಗಿ ಸರಿಯಾಗಿ ಮಾತಾಡಲಿಲ್ಲ. ದೇವರ ಪರ ವಕಾಲತ್ತು ವಹಿಸಿದವರು ಏಳು ಹೋರಿ, ಏಳು ಟಗರು ತಂದು ಯಜ್ಞ ಮಾಡಬೇಕಾಯಿತು, ದೇವರನ್ನೇ ಪ್ರಶ್ನಿಸಿದವನು ಅವರಿಗಾಗಿ ಬೇಡಿಕೊಂಡ. ಕೊನೆಯಲ್ಲಿ ಕುರಿ 7,000 ಇದ್ದದ್ದು 14,000 ಆಯಿತು, ಒಂಟೆ 3,000 ಇದ್ದದ್ದು 6,000 ಆಯಿತು. ಮಕ್ಕಳು ಮಾತ್ರ ಇಮ್ಮಡಿಯಾಗಲಿಲ್ಲ, ಮೊದಲಿನ ಹಾಗೆ ಏಳು ಗಂಡು ಮೂರು ಹೆಣ್ಣು. ಸತ್ತ ಮಗುವಿಗೆ ಬದಲಿ ಇಲ್ಲ ಎಂಬುದು ಬರೆದವರಿಗೆ ತಿಳಿದಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ. ಎಳೆಗೂಸು ಕಳೆದುಕೊಂಡ ತಾಯಿಗೆ ‘ಇನ್ನೊಂದಾಗತ್ತೆ ಬಿಡವ್ವ’ ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಯೇಸುವಿನ ಮುಂದೆಯೂ ಇದೇ ಪ್ರಶ್ನೆ ಎರಡು ಸಲ ಬಂತು. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಎಂದು ಹೇಳಿ, ಉಗುಳಿನಿಂದ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದನು (ಯೋಹಾನ 9). ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೋ ಎಂದು ತಾನೇ ಕೇಳಿ, ಅಲ್ಲ ಎಂದು ತಾನೇ ಉತ್ತರ ಕೊಟ್ಟನು (ಲೂಕ 13). ‘ಪ್ರೀತಿಸುವವನನ್ನು ಶಿಕ್ಷಿಸುತ್ತಾನೆ’ ಎಂಬ ಮಾತು ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಇದೆ, ನಿಜ. ಅದನ್ನು ಬರೆದದ್ದು ನಂಬಿಕೆಯ ಕಾರಣಕ್ಕೆ ಹಿಂಸೆ ಉಂಡು, ಆಸ್ತಿ ಕಳೆದುಕೊಂಡು ದಣಿದಿದ್ದ ಸಭೆಗೆ. ಲಿವರ್ ಕೆಟ್ಟು ಮಲಗಿದವರ ಕಾಯಿಲೆಯ ಚೀಟಿಗೆ ಅದನ್ನು ಅಂಟಿಸಲು ಪತ್ರದಲ್ಲಿ ಜಾಗವಿಲ್ಲ.

ಕೆಲವು ನೋವಿಗೆ ಕಾರಣ ಗೊತ್ತಿದೆ, ಮದ್ದೂ ಗೊತ್ತಿದೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎಂಬುದು ಭಾರತದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಮೂಡುತ್ತವೆ. ದೊಡ್ಡವರಿಗೆ ಸೊಂಟ, ಕತ್ತು, ಮಂಡಿ ಬಿಗಿಯುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದು ಅಪರೂಪ, ಆದ್ದರಿಂದ ತಡೆಯುವುದೇ ದಾರಿ: ನೀರು ಪರೀಕ್ಷೆ ಮಾಡಿಸುವುದು, ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರು ಅಥವಾ ಮಳೆನೀರು ಬಳಸುವುದು, ಊಟದಲ್ಲಿ ಹಾಲು, ರಾಗಿ ಬಿಡದಿರುವುದು. ಇಂಥ ಊರಿನಲ್ಲಿ ಮಂಡಿ ನೋವಿನವರನ್ನು ಕೂರಿಸಿಕೊಂಡು ‘ನಿಮ್ಮ ಶಿಲುಬೆ ನೀವೇ ಹೊರಬೇಕು’ ಎಂದು ಪ್ರಸಂಗ ಮಾಡುವುದು ಸುವಾರ್ತೆಯಲ್ಲ. ಪಂಚಾಯಿತಿಗೆ ಹೋಗಿ ಕೆಟ್ಟು ನಿಂತ ಘಟಕ ರಿಪೇರಿ ಮಾಡಿಸುವುದು ಸುವಾರ್ತೆಗೆ ಹತ್ತಿರ.

ಮೈನೋವಿನ ವಿಚಾರದಲ್ಲೂ ಹೀಗೆಯೇ. ಬೆಂಗಳೂರಿನ ಕಿದ್ವಾಯಿಯಲ್ಲಿ ರೇಡಿಯೇಷನ್ ಮುಗಿಸಿ ಊರಿಗೆ ವಾಪಸಾದ ಕ್ಯಾನ್ಸರ್ ರೋಗಿಗಳ ಮನೆಗಳಲ್ಲಿ ನೋವಿನ ಮಾತ್ರೆಯನ್ನು ಎತ್ತಿಡುವುದುಂಟು. ‘ಈಗಲೇ ಕೊಟ್ಟರೆ ಆಮೇಲೆ ಏನು ಕೊಡೋದು’ ಎಂಬ ಭಯ ಒಂದು, ಚಟ ಹತ್ತುತ್ತದೆ ಎಂಬ ಭಯ ಇನ್ನೊಂದು, ನೋವನ್ನು ದೇವರಿಗೆ ಒಪ್ಪಿಸಿ ಸಹಿಸಿದರೆ ಪುಣ್ಯ ಎಂಬ ನಂಬಿಕೆ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮ ಹಾಕಿಕೊಟ್ಟಿತು. ಅದರ ಕೊನೆಯ ಮೆಟ್ಟಿಲು ಮಾರ್ಫಿನ್. ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ. ನೋವು ಎದ್ದ ಮೇಲೆ ನುಂಗುವುದಲ್ಲ, ಡಾಕ್ಟರ್ ಬರೆದುಕೊಟ್ಟ ಹಾಗೆ ಗಡಿಯಾರ ನೋಡಿ ನುಂಗಬೇಕು. ಎದ್ದ ನೋವನ್ನು ಹಿಮ್ಮೆಟ್ಟಿಸಲು ಹೆಚ್ಚು ಔಷಧ ಬೇಕಾಗುತ್ತದೆ, ಏಳದಂತೆ ತಡೆಯಲು ಕಡಿಮೆ ಸಾಕು. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುವುದರಿಂದ ಅದರ ಔಷಧವನ್ನೂ ಮೊದಲ ದಿನದಿಂದಲೇ ಕೇಳಿ ಪಡೆಯಬೇಕು. ಅದನ್ನು ಕೇಳದೆ ಹೊಟ್ಟೆ ಬಿಗಿದು ಮಾರ್ಫಿನ್ನನ್ನೇ ನಿಲ್ಲಿಸಿದ ಮನೆಗಳು ಬಹಳ. ಮಾದಕ ವಸ್ತು ಎಂಬ ಕಾರಣಕ್ಕೆ ಇದ್ದ ಕಾನೂನಿನ ತೊಡಕು 2014ರ ಎನ್‌ಡಿಪಿಎಸ್ ಕಾಯ್ದೆಯ ತಿದ್ದುಪಡಿಯಿಂದ ಸಡಿಲವಾಗಿದೆ, ಆದರೂ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನಿಂದ ಹೊರಡುವ ಮುಂಚೆಯೇ, ನಮ್ಮ ಊರಿನ ಹತ್ತಿರ ಎಲ್ಲಿ ಸಿಗುತ್ತದೆ ಎಂದು ಕೇಳಿ ಬರೆಸಿಕೊಂಡು ಬರಬೇಕು.

ಸಹಿಸಿದರೆ ಪುಣ್ಯ ಎಂಬುದಕ್ಕೆ ಉತ್ತರ ಸಭೆಯ ಒಳಗೇ ಇದೆ. ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲಿ ಅರಿವಳಿಕೆ ವೈದ್ಯರೊಂದಿಗೆ ಮಾತಾಡುತ್ತಾ, ನೋವು ತಗ್ಗಿಸುವುದೇ ಉದ್ದೇಶವಾಗಿದ್ದು ಬೇರೆ ದಾರಿ ಇಲ್ಲದಿದ್ದಾಗ, ಔಷಧದಿಂದ ಆಯುಸ್ಸು ಸ್ವಲ್ಪ ಕಡಿಮೆಯಾಗಬಹುದಾದರೂ ಅದನ್ನು ಕೊಡಬಹುದು ಎಂದು ಸ್ಪಷ್ಟ ಮಾಡಿದರು. 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಹಾಸ್ಪಿಸ್ (ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಗಟ್ಟಿ ಕ್ರೈಸ್ತೆ. ಸಾಯುವವರ ನೋವು ಮೈಯದ್ದು, ಮನಸ್ಸಿನದ್ದು, ಮನೆಮಂದಿಯದ್ದು, ಆತ್ಮದ್ದು ಎಲ್ಲ ಸೇರಿ ಒಂದೇ ಆಗಿರುತ್ತದೆ ಎಂದು ಕಲಿಸಿದವರು ಅವರು. ಮೈಯ ನೋವು ಹಿಂಡುತ್ತಿರುವಾಗ ಉಳಿದ ಮೂರರ ಮಾತು ಯಾರ ಕಿವಿಗೂ ಹೋಗುವುದಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈ ಸರಿಪಡಿಸಿದ ಡಾಕ್ಟರ್ ಪಾಲ್ ಬ್ರಾಂಡ್, ಬೆರಳುಗಳು ಹಾಳಾಗುವುದು ನೋವು ತಿಳಿಯದೆ ಸುಟ್ಟುಕೊಂಡು, ಗಾಯ ಮಾಡಿಕೊಂಡು ಎಂದು ತೋರಿಸಿಕೊಟ್ಟರು. ಹಾಗಾಗಿ ನೋವು ಒಂದು ಕಾವಲು ಎಂಬುದು ನಿಜ. ಆದರೆ ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವು ಯಾವುದನ್ನೂ ಕಾಯುತ್ತಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಮೂರು ಸಲ ಬೇಡಿಕೊಂಡ, ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು. ನೋವು ಬೇಡ ಎಂದು ಕೇಳುವುದು ವಿಶ್ವಾಸದ ಕೊರತೆಯಾಗಿದ್ದರೆ ಆ ಪ್ರಾರ್ಥನೆ ಸುವಾರ್ತೆಯಲ್ಲಿ ಇರುತ್ತಿರಲಿಲ್ಲ.

ಈಗ ತಗ್ಗದೆ ಉಳಿದ ನೋವು. ಇಲ್ಲಿ ಕ್ರೈಸ್ತರಿಗೆ ಒಂದು ದೊಡ್ಡ ಆಸ್ತಿ ಇದೆ, ಅದನ್ನು ಬಳಸುವುದೇ ನಿಂತಿದೆ. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಪ್ರಲಾಪಗಳು, ಅಂದರೆ ದೇವರ ಎದುರೇ ದೇವರ ಮೇಲೆ ದೂರು. ಭಾನುವಾರದ ಹಾಡಿನ ಪುಸ್ತಕ ತೆರೆದರೆ ಅಷ್ಟು ಪಾಲು ದೂರು ಸಿಗುವುದಿಲ್ಲ. ನೊಂದವರು ಚರ್ಚಿಗೆ ಬಂದು, ಬಾಯಿ ಒಂದು ಹಾಡುತ್ತ ಹೊಟ್ಟೆ ಇನ್ನೊಂದು ಹೇಳುತ್ತ ಕೂರುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಜ್ಞಾನೋಕ್ತಿ 25:20ರಲ್ಲಿ ನೊಂದ ಎದೆಯ ಮುಂದೆ ಹಾಡುವುದನ್ನು ಚಳಿಯಲ್ಲಿ ಬಟ್ಟೆ ಕಿತ್ತುಕೊಳ್ಳುವುದಕ್ಕೆ ಹೋಲಿಸಿದ್ದಾರೆ.

13ನೇ ಕೀರ್ತನೆಯಿಂದ ಶುರು ಮಾಡುವುದು ಸುಲಭ, ಆರೇ ವಚನ. ಮೊದಲ ಎರಡರಲ್ಲಿ ‘ಎಷ್ಟರ ತನಕ’ ಎಂಬ ಪ್ರಶ್ನೆ ನಾಲ್ಕು ಸಲ: ಎಷ್ಟರ ತನಕ ಮರೆತಿರುತ್ತೀ, ಎಷ್ಟರ ತನಕ ಮುಖ ಮರೆಸಿಕೊಳ್ಳುತ್ತೀ, ಎಷ್ಟರ ತನಕ ನಾನು ಒಳಗೊಳಗೇ ಬೇಯಬೇಕು, ಎಷ್ಟರ ತನಕ ಹಗೆಯ ಕೈ ಮೇಲಾಗಿರಬೇಕು. 1933ರಲ್ಲಿ ತುಂಬಿ ಹರಿದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರು ಸೀಮೆಯ ರೈತರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ಮೂರು, ನಾಲ್ಕನೇ ವಚನಗಳು ಬೇಡಿಕೆ. ಬೇಡಿಕೆಯ ಜೊತೆ ವಾದವೂ ಇದೆ: ನೀನು ಸುಮ್ಮನಿದ್ದರೆ ನನ್ನ ಹಗೆಗಳು ಗೆದ್ದೆವೆಂದು ಹಿಗ್ಗುತ್ತಾರೆ. ಐದು, ಆರು ಭರವಸೆ.

ಪ್ರಾರ್ಥಿಸುವ ಬಗೆ ಹೀಗೆ. ಗಟ್ಟಿಯಾಗಿ ಓದಬೇಕು, ಮನಸ್ಸಿನಲ್ಲೇ ಓದಿದರೆ ದೂರು ಮತ್ತೆ ಒಳಗೇ ಸುತ್ತುತ್ತದೆ. ಎರಡನೇ ವಚನ ಮುಗಿದ ಕೂಡಲೆ ನಿಲ್ಲಿಸಿ, ತನ್ನ ದೂರನ್ನು ಅದರ ಹೆಸರು ಹಿಡಿದು ಹೇಳಬೇಕು. ‘ಕಷ್ಟ ಕೊಟ್ಟಿದ್ದೀಯ ಸ್ವಾಮಿ’ ಎಂಬುದು ಸಾಲದು. ‘ಶುಗರಿನಿಂದ ಕಾಲು ತೆಗೆದರು, ಇನ್ನು ಅಂಗಡಿ ನಡೆಸೋರು ಯಾರು’, ‘ಮೂರನೇ ಬೋರೂ ಬತ್ತಿತು, ತೋಟ ಒಣಗಿತು, ಸೊಸೈಟಿ ಸಾಲ ಹಾಗೇ ಇದೆ’ ಎಂದೇ ಹೇಳಬೇಕು. ಮಾತು ಬರದಿದ್ದರೆ ಒಂದು ಹಾಳೆಯಲ್ಲಿ ಬರೆದರೂ ಆಯಿತು. ಬೇಡಿಕೆ ಚಿಕ್ಕದಿರಲಿ: ಇವತ್ತು ರಾತ್ರಿ ನಾಲ್ಕು ತಾಸು ನಿದ್ದೆ, ನಾಳೆಯ ರಿಪೋರ್ಟ್ ಕೇಳುವಾಗ ಕೈ ನಡುಗದಿರಲಿ. ಐದನೇ ವಚನ ಬಾಯಿಗೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಪಕ್ಕದಲ್ಲಿರುವವರು ಆ ಎರಡು ವಚನವನ್ನು ಅವರ ಪರವಾಗಿ ಓದಲಿ, ಸಭೆ ಇರುವುದು ಅದಕ್ಕೇ. ಮಾರನೆಯ ದಿನ ಮತ್ತೆ ಅದೇ ಕೀರ್ತನೆ. ವಾರಗಟ್ಟಲೆ ಅದೇ ಆದರೂ ತಪ್ಪಿಲ್ಲ. ಇದರಲ್ಲಿ ಎಲ್ಲರೂ ಎಡವುವುದು ಆತುರದಿಂದ. ಮೊದಲ ನಾಲ್ಕು ವಚನಗಳನ್ನು ಓಡಿಸಿ ಭರವಸೆಗೆ ಹಾರಿದರೆ ಆ ಭರವಸೆ ಎರವಲಿನದ್ದು, ಮನೆಗೆ ಹೋಗುವಷ್ಟರಲ್ಲಿ ತೀರಿಹೋಗುತ್ತದೆ.

ನಿದ್ದೆ ಬಾರದ ರಾತ್ರಿಗೆ 77, ಹಾಸಿಗೆಯೇ ಕಣ್ಣೀರಲ್ಲಿ ತೇಲುತ್ತದೆ ಎನ್ನುವ 6. ಬಹಳ ದಿನದ ಕಾಯಿಲೆಗೆ 38, 102. ನಂಬಿದ ಗೆಳೆಯನೇ ಕೈಕೊಟ್ಟಾಗ 55. ತನ್ನ ತಪ್ಪೇ ಕಾಡುವಾಗ 51, 130. ಬೆಳೆ ಹೋದ ವರ್ಷ ಇಡೀ ಸಭೆ ಕೂಡಿ ಓದಲು ಯೋವೇಲನ ಒಂದನೇ ಅಧ್ಯಾಯ: ಬಿತ್ತಿದ ಬೀಜ ಹೆಂಟೆಯ ಕೆಳಗೇ ಕಮರಿದೆ, ದನಗಳು ಮೇವಿಲ್ಲದೆ ನರಳುತ್ತಿವೆ, ಹಳ್ಳಗಳು ಬತ್ತಿವೆ. ಸುಗ್ಗಿ ಕೃತಜ್ಞತೆಯ ದಿನ ಹಬಕ್ಕೂಕನ ‘ಅಂಜೂರ ಚಿಗುರದಿದ್ದರೂ’ ಎಂಬ ಭಾಗವನ್ನು ಪ್ರೀತಿಯಿಂದ ಓದುತ್ತೇವೆ, ಅದು ಮೂರನೇ ಅಧ್ಯಾಯ. ಅದೇ ಪ್ರವಾದಿ ಮೊದಲ ಅಧ್ಯಾಯ ಶುರು ಮಾಡುವುದು, ನಾನು ಕೂಗುತ್ತಿದ್ದರೂ ನೀನು ಎಷ್ಟರ ತನಕ ಕೇಳದಿರುವೆ ಎಂದು. ಅದನ್ನು ಓದದೆ ಇದನ್ನು ಓದಿಸಬಾರದು.

88ನೇ ಕೀರ್ತನೆ ಬೇರೆಯೇ. 18 ವಚನಗಳಲ್ಲಿ ಎಲ್ಲೂ ತಿರುವಿಲ್ಲ, ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತದೆ. ಪ್ರಲಾಪಗಳ ಗ್ರಂಥವೂ ಹಾಗೆಯೇ. ಐದು ಅಧ್ಯಾಯಗಳಲ್ಲಿ ನಾವು ಹಾಡು ಕಟ್ಟಿಕೊಂಡಿರುವ ‘ಆತನ ಕರುಣೆ ದಿನದಿನವೂ ಹೊಸದು’ ಎಂಬುದು ನಡುವಿನ ಅಧ್ಯಾಯದಲ್ಲಿದೆ, ಕೊನೆಯ ವಚನ ಮಾತ್ರ, ನಮ್ಮನ್ನು ಪೂರಾ ತಳ್ಳಿಬಿಟ್ಟೆಯಾ ಎಂಬ ಪ್ರಶ್ನೆಯ ಹಾಗೆ ನಿಂತಿದೆ. ಇವನ್ನು ಬೈಬಲಿನಲ್ಲಿ ಉಳಿಸಿಕೊಂಡವರು ಬೇಕೆಂದೇ ಉಳಿಸಿಕೊಂಡರು. ಖಿನ್ನತೆಯಿಂದ ನರಳುವವರಿಗೆ 88 ತಮ್ಮದೇ ದನಿಯಾಗುತ್ತದೆ. ಆದರೆ ಅಂಥವರನ್ನು ಅದರ ಜೊತೆ ಒಂಟಿಯಾಗಿ ಬಿಡಬಾರದು, ಜೊತೆಗೆ ಕೂತೇ ಓದಬೇಕು. ‘ಬದುಕಿದ್ದು ಏನ್ ಮಾಡಲಿ’ ಎಂಬ ಮಾತು ಬಂದರೆ ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದಾದ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಹಣ ಕೊಡಬೇಕಾಗಿಲ್ಲ. ಪ್ರಾರ್ಥನೆ ಇದಕ್ಕೆ ಬದಲಿಯಲ್ಲ.

ದೇವರನ್ನು ಹೀಗೆ ಮಾತಾಡಿಸಬಹುದೇ ಎಂದು ಹಿಂಜರಿಯುವವರಿದ್ದಾರೆ. ದೇವರನ್ನು ಮುಖಕ್ಕೆ ಹೊಡೆದ ಹಾಗೆ ಕೇಳುವ ನಿಂದಾಸ್ತುತಿ ಕನ್ನಡಕ್ಕೆ ಹೊಸದೇನಲ್ಲ. ನಮ್ಮ ಸೀಮೆಯ ಹೆಂಗಸರು ಸಾವಿನ ಮನೆಯಲ್ಲಿ ಸತ್ತವರ ಗುಣ, ಮಾಡಿದ ಕೆಲಸ, ಬಿಟ್ಟುಹೋದ ಮಕ್ಕಳು ಎಲ್ಲವನ್ನೂ ಹೇಳಿ ಹೇಳಿ ಹಾಡಿಕೊಂಡು ಅಳುತ್ತಾರೆ. ಕ್ರೈಸ್ತರ ಮನೆಯಲ್ಲಿ ಯಾರೋ ಒಬ್ಬರು ಎದ್ದು, ‘ಅಳಬ್ಯಾಡ್ರಿ, ಅವರು ಪರಲೋಕಕ್ಕೆ ಹೋಗ್ಯಾರೆ’ ಎಂದು ಬಾಯಿ ಮುಚ್ಚಿಸುವುದುಂಟು. ಯೆರೆಮೀಯ 9:17ರಲ್ಲಿ ದೇವರೇ, ಗೋಳಾಡಲು ಬಲ್ಲ ಹೆಂಗಸರನ್ನು ಕರೆಸಿ ಎನ್ನುತ್ತಾನೆ. ಸತ್ತ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸುವೇ ಸಮಾಧಿಯ ಹತ್ತಿರ ಅತ್ತನು. ಮುಂದೆ ಒಳ್ಳೆಯದಿದೆ ಎಂದು ಗೊತ್ತಿದ್ದವನೇ ಅತ್ತ ಮೇಲೆ, ಗೊತ್ತಿಲ್ಲದವರನ್ನು ಅಳಬೇಡಿ ಎನ್ನಲು ನಾವು ಯಾರು? ಅಲ್ಲಿ ಲಾಜರನ ಅಕ್ಕಂದಿರಾದ ಮಾರ್ಥಳೂ ಮರಿಯಳೂ ಬೇರೆ ಬೇರೆಯಾಗಿ ಬಂದು ಹೇಳಿದ್ದು ಒಂದೇ ದೂರು: ಸ್ವಾಮೀ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಆತ ಯಾರನ್ನೂ ಗದರಲಿಲ್ಲ. ತಾನೇ ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಸಾಲು ಹಿಡಿದು ಕೂಗಿದನು, ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?

ನೋಡಲು ಹೋಗುವವರಿಗೆ ಕೆಲವು ಮಾತು. ಆಸ್ಪತ್ರೆಯಲ್ಲಿ ಹದಿನೈದು ನಿಮಿಷ ಸಾಕು, ಆಪರೇಷನ್ ಆದ ಮಾರನೆಯ ದಿನವಾದರೆ ಐದು. ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಒಳಗೆ ಹೋಗಬಾರದು. ಮಂಚದ ಮೇಲೆ ಕೂರಬಾರದು, ಸ್ಟೂಲ್ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂರಬೇಕು. ನಿಂತು ಮಾತಾಡಿದರೆ ಹೊರಡುವ ಅವಸರ ಅವರಿಗೆ ತಿಳಿಯುತ್ತದೆ. ಇನ್ನೊಬ್ಬರ ಕಾಯಿಲೆಯ ಕಥೆ ತೆಗೆಯಬಾರದು. ಕಿಡ್ನಿ ತೊಂದರೆ ಇರುವವರಿಗೆ ಎಳನೀರು, ಬಾಳೆಹಣ್ಣು ಅಪಾಯ, ಅದರಲ್ಲಿ ಪೊಟ್ಯಾಷಿಯಂ ಹೆಚ್ಚು. ಏನು ತರಲಿ ಎಂದು ಮೊದಲೇ ಫೋನ್ ಮಾಡಿ ಕೇಳಬೇಕು. ಬಹಳ ಸಲ ಹಣ್ಣಿಗಿಂತ ಹೆಚ್ಚು ಬೇಕಾಗಿರುವುದು, ರೋಗಿಯನ್ನು ನೋಡಿಕೊಳ್ಳುತ್ತ ನೆಲದ ಮೇಲೆ ಮಲಗುವ ಮನೆಯವರಿಗೆ ಒಂದು ಹೊತ್ತಿನ ಬಿಸಿ ಊಟ, ಸ್ನಾನ ಮಾಡಿ ಬರುವ ತನಕ ಅವರ ಬದಲು ಕೂರುವ ಒಬ್ಬರು, ಮೆಡಿಕಲ್ ಶಾಪಿಗೆ ಓಡುವ ಒಬ್ಬ ಹುಡುಗ. ‘ಏನಾದ್ರೂ ಬೇಕಿದ್ರೆ ಹೇಳ್ರಿ’ ಎಂದರೆ ಯಾರೂ ಹೇಳುವುದಿಲ್ಲ. ‘ಗುರುವಾರ ರಾತ್ರಿ ನಾನು ಕೂರ್ತೀನಿ, ನೀವು ಮನೆಗೆ ಹೋಗಿ ಮಲಗಿ ಅಣ್ಣ’ ಎಂದರೆ ಕೆಲಸವಾಗುತ್ತದೆ. ಪ್ರಾರ್ಥಿಸಬಹುದೇ ಎಂದು ಕೇಳಿಯೇ ಪ್ರಾರ್ಥಿಸಬೇಕು, ಪಕ್ಕದ ಮಂಚದವರ ನಿದ್ದೆ ಕೆಡದಂತೆ ಮೆಲುದನಿಯಲ್ಲಿ. ‘ಯಾಕೆ ಹೀಗಾಯ್ತು’ ಎಂದು ಅವರು ಕೇಳಿದರೆ ‘ಗೊತ್ತಿಲ್ಲ’ ಎಂಬುದೇ ಪ್ರಾಮಾಣಿಕ ಉತ್ತರ. ಹಾಗೆಂದು ಎದ್ದು ಬರಬಾರದು, ಕೂತಿರಬೇಕು.

ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರದಲ್ಲಿ ಕಥೋಲಿಕ ಮನೆಗಳು ಮಾಡುವ ತಪ್ಪು ತಡ. ಫಾದರ್ ಬಂದರೆ ಕಥೆ ಮುಗಿಯಿತೆಂದು ರೋಗಿ ತಿಳಿಯುತ್ತಾರೆ ಎಂಬ ಭಯಕ್ಕೆ ಕೊನೆಯುಸಿರಿನ ತನಕ ಕರೆಯುವುದಿಲ್ಲ. ಕಥೋಲಿಕ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ, ಇದು ಸಾಯುವವರಿಗೆ ಮಾತ್ರ ಅಲ್ಲ ಎಂದು ಹೇಳಿದೆ. ಗಂಭೀರ ಕಾಯಿಲೆ ಎಂದು ತಿಳಿದಾಗ, ದೊಡ್ಡ ಆಪರೇಷನ್ನಿಗೆ ಮುಂಚೆ, ವಯಸ್ಸಿನಿಂದ ಶಕ್ತಿ ಕುಂದಿದಾಗ ಕರೆಯಬಹುದು, ಕಾಯಿಲೆ ಬಿಗಡಾಯಿಸಿದರೆ ಮತ್ತೊಮ್ಮೆಯೂ ಕರೆಯಬಹುದು. ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚುತ್ತಾರೆ. ರೋಗಿಗೆ ಎಚ್ಚರವಿದ್ದಾಗಲೇ ಆದರೆ ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪ್ರಾರ್ಥನೆಗೆ ತಾವೇ ಆಮೆನ್ ಹೇಳಬಹುದು. ಮನೆಯಲ್ಲಾದರೆ ಬಿಳಿ ಬಟ್ಟೆ ಹಾಸಿದ ಮೇಜು, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು, ಚಮಚ ಸಿದ್ಧವಿರಲಿ. ನುಂಗಲು ಕಷ್ಟವಿದ್ದರೆ ಮೊದಲೇ ಹೇಳಬೇಕು, ಪ್ರಸಾದದ ಚೂರು ಒಂದನ್ನೇ ಚಮಚ ನೀರಿನ ಜೊತೆ ಕೊಡಬಹುದು. ಆಕ್ಸಿಜನ್ ಹಾಕಿದ್ದರೆ ಮೇಣದಬತ್ತಿ ಹಚ್ಚಲೇಬಾರದು, ಬೆಂಕಿ ಕ್ಷಣದಲ್ಲಿ ಹಬ್ಬುತ್ತದೆ. ಐಸಿಯುನಲ್ಲಾದರೆ ನರ್ಸಿಗೆ ಹೇಳಿ ಸಮಯ ಕೇಳಬೇಕು. ಬೇರೆ ಸಭೆಗಳವರು ಯಾಕೋಬನ ಪತ್ರದ 5:14ರಂತೆ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಅಲ್ಲಿಯೂ ‘ರೋಗಿ ಕರೆಸಲಿ’ ಎಂದಿದೆ, ಅಂದರೆ ಮಾತಾಡುವ ಶಕ್ತಿ ಇರುವಾಗ.

ವಾಸಿಯಾಗದಿದ್ದರೆ? ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬದ ಹೊತ್ತಿಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಹಾಗೆ ಹೋಗುವುದು ಒಳ್ಳೆಯದು, ಬೇಡುವುದೂ ಒಳ್ಳೆಯದು. ವಾಪಸಾದ ಮೇಲೂ ಕಾಯಿಲೆ ಹಾಗೇ ಇದ್ದರೆ ‘ವಿಶ್ವಾಸ ಸಾಲಲಿಲ್ಲ’ ಎಂದು ಯಾರಾದರೂ ಅಂದಾರು, ಆ ಮಾತನ್ನು ಮನೆಯ ಹೊಸಿಲಿನಲ್ಲೇ ತಡೆಯಬೇಕು. ಆದಿ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನ ಮೈಯಲ್ಲಿ ಒಂದು ಮುಳ್ಳು ಇತ್ತು. ತೆಗೆ ಎಂದು ಮೂರು ಸಲ ಬೇಡಿದ, ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ಪೌಲನಿಗಿಂತ ಹೆಚ್ಚು ವಿಶ್ವಾಸ ಬೇಕು ಎಂದು ಹಾಸಿಗೆ ಹಿಡಿದವರನ್ನು ಕೇಳುವುದು ಕ್ರೌರ್ಯ. ಮಾತ್ರೆ ನಿಲ್ಲಿಸಿ ದೇವರ ಮೇಲೆ ಭಾರ ಹಾಕಿ ಎನ್ನುವ ಸಭೆಯಿಂದ ದೂರ ಇರುವುದೇ ಕ್ಷೇಮ. ಪೌಲನ ಜೊತೆಗಾರರಲ್ಲಿ ಲೂಕ ಎಂಬ ವೈದ್ಯನೂ ಇದ್ದ.

ಇಷ್ಟಾದ ಮೇಲೆ ಅರ್ಥದ ಮಾತು. ರೋಮಾಪುರದವರಿಗೆ ಬರೆದ ಪತ್ರದ 8:28, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ ಅನುಕೂಲವಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದಕ್ಕೆ ಆರು ವಚನ ಮುಂಚಿನಿಂದ ಓದಬೇಕು: ಸೃಷ್ಟಿ ಹೆರಿಗೆಯ ನೋವಿನಲ್ಲಿ ನರಳುತ್ತಿದೆ, ನಾವೂ ನರಳುತ್ತೇವೆ, ಏನು ಬೇಡಬೇಕೆಂದು ತಿಳಿಯದ ನಮ್ಮ ಪರವಾಗಿ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ. ಮೂರು ನರಳಾಟದ ಮೇಲೆ ನಿಂತ ವಚನ ಅದು. ಅದನ್ನು ಬರೆದವನು ಏಟು, ಸೆರೆ, ಹಸಿವು ಎಲ್ಲ ಕಂಡಿದ್ದ. ಎಲ್ಲವೂ ಒಳ್ಳೆಯದು ಎಂದು ಅವನು ಬರೆಯಲಿಲ್ಲ, ಕೆಟ್ಟದ್ದನ್ನೂ ದೇವರು ಹಿತಕ್ಕೆ ತಿರುಗಿಸಬಲ್ಲ ಎಂದ. ಸಾವನ್ನು ಅವನು ಕರೆಯುವುದು ಕಡೆಯ ಶತ್ರು ಎಂದೇ. ಐದನೇ ಅಧ್ಯಾಯದಲ್ಲಿ ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ, ಅದರಿಂದ ನಿರೀಕ್ಷೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾನೆ. ಮೊದಲ ಮೆಟ್ಟಿಲಲ್ಲಿ ನಿಂತವರನ್ನು ಕೈಹಿಡಿದು ನಾಲ್ಕನೆಯದಕ್ಕೆ ಎಳೆಯಲು ಬರುವುದಿಲ್ಲ.

ಕೊಲೊಸ್ಸೆಯವರಿಗೆ ಬರೆದ 1:24ರಲ್ಲಿ, ಕ್ರಿಸ್ತನ ಸಂಕಟಗಳಲ್ಲಿ ಉಳಿದದ್ದನ್ನು ಸಭೆಗಾಗಿ ನನ್ನ ಮೈಯಲ್ಲಿ ಪೂರೈಸುತ್ತೇನೆ ಎಂದು ಪೌಲ ಬರೆಯುತ್ತಾನೆ. ಪೋಪ್ ಎರಡನೇ ಜಾನ್ ಪಾಲ್ 1984ರ ಫೆಬ್ರುವರಿ 11ರಂದು ಮಾನವ ಸಂಕಟದ ಬಗ್ಗೆ ಬರೆದ ಪತ್ರವನ್ನು ಶುರು ಮಾಡಿದ್ದು ಈ ವಚನದಿಂದಲೇ, ಅದೂ 1981ರಲ್ಲಿ ತಾವೇ ಗುಂಡೇಟು ತಿಂದ ಮೇಲೆ. ಶಿಲುಬೆಯಲ್ಲಿ ಏನೋ ಕಮ್ಮಿಬಿತ್ತು ಎಂದು ಇದರ ಅರ್ಥವಲ್ಲ. ನನ್ನ ನೋವಿಗೂ ಅಲ್ಲಿ ಜಾಗವಿದೆ, ಅದು ಇನ್ನೊಬ್ಬರ ಉಪಯೋಗಕ್ಕೆ ಬರುತ್ತದೆ ಎಂದರ್ಥ. ಬರುವ ಬಗೆಯನ್ನು ಪೌಲನೇ 2 ಕೊರಿಂಥ 1:4ರಲ್ಲಿ ಹೇಳುತ್ತಾನೆ: ನಮಗೆ ಸಿಕ್ಕ ಸಮಾಧಾನದಿಂದಲೇ ನಾವು ಬೇರೆಯವರನ್ನು ಸಮಾಧಾನಪಡಿಸುತ್ತೇವೆ. ಡಯಾಲಿಸಿಸ್ಸಿಗೆ ವಾರಕ್ಕೆ ಮೂರು ಸಲ ಹೋಗುವವರು ಹೊಸದಾಗಿ ಬಂದವರ ಪಕ್ಕ ಕೂತು ಫಿಸ್ಟುಲಾ (ಡಯಾಲಿಸಿಸ್ಸಿಗೆಂದು ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಭಾರ ಎತ್ತಬೇಡಿ, ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬೇಡಿ ಎಂದು ಹೇಳಿಕೊಡುವುದು, ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿ ಅಂಥದ್ದೇ ಇನ್ನೊಂದು ಮನೆಗೆ ಹೋಗಿ ಸುಮ್ಮನೆ ಕೂರುವುದು, ಈ ವಚನ ನಡೆಯುವುದು ಹೀಗೆ. ಸಾವಿನಿಂದ ಎದ್ದುಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗುರುತು ಹಾಗೇ ಇತ್ತು, ಶಿಷ್ಯ ತೋಮನು ಗುರುತು ಹಿಡಿದದ್ದು ಅದರಿಂದಲೇ.

ಇಂಥದ್ದೊಂದು ಅರ್ಥ ಒಬ್ಬರಿಗೆ ಸಿಕ್ಕಿದೆ ಎಂದು ತಿಳಿಯುವುದು ಅವರು ತಾವಾಗಿ ಹೇಳಿದಾಗ ಮಾತ್ರ, ಅದಕ್ಕೆ ವರ್ಷಗಳೇ ಬೇಕಾಗಬಹುದು. ಕೆಲವರಿಗೆ ಈ ಲೋಕದಲ್ಲಿ ಸಿಗುವುದೇ ಇಲ್ಲ, ಅವರ ವಿಶ್ವಾಸ 88ನೇ ಕೀರ್ತನೆಯಲ್ಲೇ ನಿಂತಿರುತ್ತದೆ. ಅದೂ ವಿಶ್ವಾಸವೇ, ಯಾಕೆಂದರೆ ಆ ಕೀರ್ತನೆಯ ದೂರು ಕೊನೆಯ ತನಕ ಹೋಗುವುದು ದೇವರ ಕಡೆಗೇ. ಮಣ್ಣಾದ ದಿನ ಮನೆ ತುಂಬ ಜನ ಇರುತ್ತಾರೆ, ಮೂರನೇ ತಿಂಗಳಿಗೆ ಬಾಗಿಲು ತಟ್ಟುವವರು ಇರುವುದಿಲ್ಲ. ಸಭೆಯಲ್ಲಿ ಒಬ್ಬರು ಪುಸ್ತಕ ಇಟ್ಟು ಹೆಸರು, ತಾರೀಖು ಬರೆದುಕೊಳ್ಳಬೇಕು: ಒಂದು ತಿಂಗಳಿಗೆ, ಮೂರು ತಿಂಗಳಿಗೆ, ತೀರಿಹೋದವರ ಹುಟ್ಟಿದ ದಿನಕ್ಕೆ, ಮೊದಲ ಕ್ರಿಸ್ಮಸ್ಸಿಗೆ, ವರ್ಷದ ಪೂಜೆಯ ಮಾರನೆಯ ದಿನಕ್ಕೆ ಯಾರು ಹೋಗುತ್ತಾರೆ ಎಂದು. ಹೋದವರು ತೀರಿಹೋದವರ ಹೆಸರು ಹಿಡಿದು ಮಾತಾಡಲಿ, ಮನೆಯವರು ಕಾಯುತ್ತಿರುವುದು ಅದಕ್ಕೆ.